ಬೂಷ್ಟಿ ಹಾಕಿದ ಬಿಸಿಲ ಗಂಟು

ಅವಳು ಹೋದ ದಿನ ಮನೆಗೆ ಬಂದವರೆಲ್ಲ ‘ಪಾಪ, ಹಠಮಾರಿ’ ಎಂದರು. ಹಠಮಾರಿ ನಿಜ. ಪಾಪ ಎನ್ನುವುದು ಮಾತ್ರ ಅವಳಿಗೆ ಒಪ್ಪುವ ಮಾತಲ್ಲ.

ಬೂಷ್ಟಿ ಎನ್ನುವುದು ಶಾಲೆಯಲ್ಲಿ ಅಂಟಿದ ಹೆಸರು. ಓಣಿಯ ನೆಲಮಹಡಿಯಲ್ಲಿ, ಒಂದೇ ಕಿಟಕಿಯ ಮನೆಯಲ್ಲಿ ಅವಳು ಬೆಳೆದಳು. ಎದುರಿಗೆ ದೊಡ್ಡ ಕಟ್ಟಡ ಎದ್ದ ಮೇಲೆ ಆ ಕಿಟಕಿಗೆ ಬಿಸಿಲು ತಪ್ಪಿತು. ಅಮ್ಮ ನಡುಹಗಲಲ್ಲೂ ದೀಪ ಹಾಕಿಕೊಂಡು ಹೊಲಿಗೆ ಹಾಕಿದಳು. ಗೋಡೆ ಬೆವರಿತು, ಸಮವಸ್ತ್ರ ಒಣಗಲಿಲ್ಲ, ಬೂಷ್ಟಿನ ವಾಸನೆ ಅವಳ ಜೊತೆ ಶಾಲೆಗೂ ಹೋಯಿತು. ಪಕ್ಕದ ಬೆಂಚಿನವಳು ಮೂಗು ಮುಚ್ಚಿಕೊಂಡು ಹೆಸರಿಟ್ಟಳು. ಇವಳು ಆ ಹೆಸರನ್ನು ಬಿಡಲೇ ಇಲ್ಲ. ವಾಸ್ತುಶಿಲ್ಪಿಯಾದ ಮೇಲೂ ಸ್ನೇಹಿತರು ಹಾಗೆ ಕರೆಯದಿದ್ದರೆ ತಿರುಗಿ ನೋಡುತ್ತಿರಲಿಲ್ಲ.

ಅವಳು ಕಲಿತ ವಿದ್ಯೆಗೆ ಪ್ಯಾರಾಮೆಟ್ರಿಕ್ ವಿನ್ಯಾಸ ಎಂದು ಹೆಸರು. ಅದೇನು ಎಂದು ಕೇಳಿದವರಿಗೆ ಅಮ್ಮನ ಕಸುಬಿನಿಂದಲೇ ಹೇಳುತ್ತಿದ್ದಳು. ದರ್ಜಿ ಅಂಗಿ ಹೊಲಿದ ಮೇಲೆ ಮೈ ಬೆಳೆದರೆ ಹೊಲಿಗೆ ಬಿಚ್ಚಲೇಬೇಕು. ಈ ವಿದ್ಯೆಯಲ್ಲಿ ಅಂಗಿಯನ್ನು ಬರೆಯುವುದಿಲ್ಲ. ಮೈಗೂ ಅಂಗಿಗೂ ಇರುವ ಸಂಬಂಧವನ್ನು ಬರೆಯುತ್ತಾರೆ. ಭುಜ ಇಷ್ಟಾದರೆ ತೋಳು ಇಷ್ಟು. ಹಾಗೆಯೇ ಬೀದಿ ಇಷ್ಟು ಅಗಲವಾದರೆ ಗೋಡೆ ಇಷ್ಟು ಎತ್ತರ, ಗಾಳಿ ಈ ಕಡೆಯಿಂದ ಬಂದರೆ ಕಿಟಕಿ ಆ ಕಡೆಗೆ. ಒಂದು ಅಳತೆ ಬದಲಿಸಿದರೆ ಕಂಪ್ಯೂಟರಿನೊಳಗೆ ಇಡೀ ಕಟ್ಟಡ, ಬೇಕಾದರೆ ಇಡೀ ಬಡಾವಣೆಯೇ, ತಾನಾಗಿ ಹೊಂದಿಕೊಳ್ಳುತ್ತದೆ. ಈ ಸಂಬಂಧಗಳಿಗೆ ಅವಳು ಗಂಟು ಎನ್ನುತ್ತಿದ್ದಳು. ‘ಯಾವುದನ್ನ ಯಾವುದಕ್ಕೆ ಗಂಟು ಹಾಕಬೇಕು ಅನ್ನೋದನ್ನ ಮಾತ್ರ ಕಂಪ್ಯೂಟರ್ ಹೇಳಲ್ಲ. ಅದನ್ನ ಮನುಷ್ಯರೇ ಹೇಳಬೇಕು,’ ಎನ್ನುವಳು.

ಕೊನೆಯ ಕೆಲಸ ಬಂದಾಗ ಕ್ಯಾನ್ಸರಿನ ಮದ್ದಿಗೆ ಅವಳ ತಲೆಗೂದಲು ಆಗಲೇ ಉದುರಿತ್ತು. ಅವಳು ಬೆಳೆದಂಥದೇ ಓಣಿ. ಒಂದು ಬದಿಯಲ್ಲಿ ತಗ್ಗು ಮನೆಗಳು, ಇನ್ನೊಂದು ಬದಿಯಲ್ಲಿ ಖಾಲಿಯಾದ ಹಳೆಯ ಗೋದಾಮು. ಅದನ್ನು ಕೆಡವಿ ಎತ್ತರದ ಕಟ್ಟಡ ಏಳಬೇಕಿತ್ತು. ಬೂಷ್ಟಿ ಮೊದಲ ಗಂಟನ್ನೇ ಎದುರಿನ ಕಿಟಕಿಗಳಿಗೆ ಹಾಕಿದಳು: ಚಳಿಗಾಲದ ನಡುಹಗಲ ಬಿಸಿಲು ನೆಲಮಹಡಿಯ ಕಿಟಕಿಗೂ ಬೀಳಬೇಕು. ಕಟ್ಟಡದ ಮುಖ, ಮಹಡಿ, ಮೆಟ್ಟಿಲು, ನೀರಿನ ಕೊಳವೆ ಎಲ್ಲವೂ ಆ ಕಿಟಕಿಗೆ ಓರೆಯಾಗಿ ಇಳಿಯುವ ಬಿಸಿಲ ಗೆರೆಯಿಂದಲೇ ಹುಟ್ಟಿದವು.

ಕಟ್ಟಿಸುವ ಧಣಿ ಪರದೆಯ ಮುಂದೆ ಕುಳಿತು ಎತ್ತರ ಹೆಚ್ಚಿಸಲು ಹೇಳಿದ. ಹೆಚ್ಚಿಸಿದಷ್ಟೂ ಕಟ್ಟಡ ಮೆಟ್ಟಿಲು ಮೆಟ್ಟಿಲಾಗಿ ಹಿಂದೆ ಸರಿಯಿತು.

“ಏನಮ್ಮ ಇದು, ನನ್ನ ಕಟ್ಟಡ ನನ್ನ ಮಾತೇ ಕೇಳಲ್ವಲ್ಲ?”

“ಕೇಳುತ್ತೆ ಸಾರ್. ಎದುರು ಮನೆಯವರ ಮಾತನ್ನೂ ಸ್ವಲ್ಪ ಕೇಳುತ್ತೆ, ಅಷ್ಟೇ.”

ಧಣಿ ಮುಖ ಊದಿಸಿಕೊಂಡು ಹೋದ. ಕಚೇರಿಯ ಯಜಮಾನರು ಕೆಟ್ಟವರಲ್ಲ, ಆದರೆ ಹತ್ತು ಜನರ ಸಂಬಳ ಅವರ ತಲೆಯ ಮೇಲಿತ್ತು. ಆ ಗಂಟು ಸಡಿಲಿಸು, ಕಾನೂನು ಅದನ್ನು ಕೇಳುವುದಿಲ್ಲ ಎಂದು ಮೆತ್ತಗೆ ಹೇಳಿ ನೋಡಿದರು. ಕಾನೂನು ಬೂಷ್ಟು ವಾಸನೆ ಕುಡಿದಿಲ್ಲ ಎಂದಳು ಇವಳು.

ಆಮೇಲೆ ಅವಳನ್ನು ಆಸ್ಪತ್ರೆಗೆ ಸೇರಿಸಿದರು. ಯಜಮಾನರ ಮಾತಿನಂತೆ ಅವಳ ಪಕ್ಕದ ಮೇಜಿನ ಕನ್ನಡಕದವನು ಆ ಗಂಟನ್ನು ಬೇಡದ ಗೆರೆಯೆಂಬಂತೆ ಅಳಿಸಿದ. ಬುಡ ಹೋದ ಮೇಲೆ ಕೊಂಬೆ ನಿಲ್ಲುತ್ತದೆಯೇ? ಮಹಡಿಗಳು ಮಾಯವಾದವು, ಮೆಟ್ಟಿಲುಗಳು ಒಂದು ಮೂಲೆಯಲ್ಲಿ ಕಸದಂತೆ ರಾಶಿ ಬಿದ್ದವು. ಅವನು ಲ್ಯಾಪ್‌ಟಾಪ್ ಹೊತ್ತು ಆಸ್ಪತ್ರೆಗೇ ಓಡಿದ.

“ಇಲ್ಲಿಗೂ ಆಫೀಸು ಹೊತ್ಕೊಂಡು ಬಂದ್ಯಾ? ಸಾಯೋಕಾದ್ರೂ ಪುರುಸೊತ್ತು ಕೊಡ್ರಪ್ಪ,” ಎಂದಳು ಮಂಚದ ಪಕ್ಕದಲ್ಲಿದ್ದ ಅಮ್ಮ.

ಬೂಷ್ಟಿ ಪರದೆ ನೋಡಿ ಉಸಿರು ಕಟ್ಟುವವರೆಗೆ ನಕ್ಕಳು.

“ಬುಡಕ್ಕೇ ಕೊಡಲಿ ಹಾಕಿದ್ಯಲ್ಲೋ. ಅಳಿಸಬಾರದು. ಬಿಸಿಲ ಗೆರೆ ಇದ್ದ ಜಾಗಕ್ಕೆ ನೆಟ್ಟಗಿರೋ ಗೋಡೆ ಕೊಡು, ಎಲ್ಲಾ ತಾನಾಗೇ ಎದ್ದು ನಿಲ್ಲುತ್ತೆ.”

“ಅಷ್ಟೇನಾ ಅಕ್ಕ?”

“ಅಷ್ಟೇ. ಬಿಚ್ಚೋದು ಯಾವಾಗಲೂ ಸುಲಭ. ನಾನು ಬಿಚ್ಚಲ್ಲ. ನೀನು ಬಿಚ್ಚೋದಾದ್ರೆ ಬಿಚ್ಚು, ಆದರೆ ಆ ಓಣಿಗೆ ಹೋಗಿ, ಬಾಗಿಲು ತಟ್ಟಿ, ನಿಮ್ಮ ಬಿಸಿಲು ತೆಗೀತಿದ್ದೀನಿ ಅಂತ ಹೇಳಿ ಬಿಚ್ಚು. ನಮ್ಮನೆಗೆ ಯಾರೂ ಹೇಳೋಕೆ ಬಂದಿರಲಿಲ್ಲ.”

ಅಮ್ಮ ಕಿಟಕಿಯ ಕಡೆ ತಿರುಗಿಕೊಂಡಳು.

ಕನ್ನಡಕದವನು ಓಣಿಯವರೆಗೆ ಹೋದ. ಬಾಗಿಲು ತಟ್ಟಲು ಕೈ ಏಳಲಿಲ್ಲ. ಕಚೇರಿಗೆ ಬಂದು ಗಂಟನ್ನು ಇದ್ದ ಹಾಗೆಯೇ ಹಾಕಿ, ನನ್ನ ಕೈಲೂ ಆಗಲ್ಲ ಸಾರ್ ಎಂದ. ಯಜಮಾನರು ಇಬ್ಬರಿಗೂ ತಲೆ ಕೆಟ್ಟಿದೆ ಎಂದು ಬೈದರು. ಬೈಯುತ್ತಲೇ ಧಣಿಗೆ ಫೋನು ಮಾಡಿ ಜಗಳಕ್ಕೆ ನಿಂತರು. ಹಿಂದೆ ಸರಿದ ಒಂದೊಂದು ಮಹಡಿಗೂ ತೆರೆದ ಅಂಗಳ ಸಿಗುವುದನ್ನು ತೋರಿಸಿದ ಮೇಲೆ ಧಣಿ ಗೊಣಗುತ್ತ ಒಪ್ಪಿದ. ಈಗ ಅದೆಲ್ಲ ತನ್ನದೇ ಯೋಚನೆ ಎಂದು ಹೇಳಿಕೊಂಡು ತಿರುಗುತ್ತಾನೆ. ತಿರುಗಲಿ.

ಕಟ್ಟಡ ಏಳುವಷ್ಟರಲ್ಲಿ ಅವಳಿರಲಿಲ್ಲ. ಈ ಚಳಿಗಾಲ ಕನ್ನಡಕದವನು ಅವಳ ಅಮ್ಮನನ್ನು ನಡುಹಗಲಲ್ಲಿ ಅಲ್ಲಿಗೆ ಕರೆದುಕೊಂಡು ಹೋದ. ಎದುರಿನ ನೆಲಮಹಡಿಯ ಕಿಟಕಿಯಲ್ಲಿ ಶಾಲೆಯ ಅಂಗಿಯೊಂದು ಒಣಗುತ್ತಿತ್ತು. ಅಮ್ಮ ಸೀದಾ ಹೋಗಿ ಅದರ ತೋಳು ಹಿಡಿದು ಮೂಸಿದಳು.

“ಯಾಕಜ್ಜಿ, ಒಗೆದದ್ದು ಸರಿ ಇಲ್ವಾ?” ಒಳಗಿನಿಂದ ಒಬ್ಬಳು ರೇಗಿದಳು.

“ಸರಿ ಇದೆ ಕಣಮ್ಮ, ಬರೀ ಸೋಪಿನ ವಾಸನೆ,” ಎಂದಳು ಅಮ್ಮ. ತೋಳನ್ನು ಮಾತ್ರ ಬೇಗ ಬಿಡಲಿಲ್ಲ.