ಸುಭದ್ರಾಬಾಯಿಯನ್ನು ಕೂರಿಸಿದ ಜಾಗ

ಮಾಲು ನೋಡುವ ಚಟದಿಂದ ಹೇಳುವುದಾದರೆ, ಸುಭದ್ರಾಬಾಯಿ ತೂಕಕ್ಕೆ ಹಗುರ, ಬಣ್ಣಕ್ಕೆ ಮಂಕು, ಬಾಯಿ ಮಾತ್ರ ಅಸಲಿ. ನಿಂಬರ್ಗಾದಿಂದ ಬೆಳಗಿನ ಬಸ್ಸಿಗೆ ಬಂದು, ಆಳಂದದ ನನ್ನ ಕಾಳು ಮಾರುವ ಅಡತಿ ಅಂಗಡಿಯ ಅಂಗಳದಲ್ಲಿ ಬೇರೆ ಹೆಂಗಸರ ಜೊತೆ ತೊಗರಿಬೇಳೆ ಹಸನು ಮಾಡುತ್ತಾಳೆ. ಆಕೆಯ ಮೊರದಿಂದ ಒಂದು ಹರಳೂ ಪಾರಾಗುವುದಿಲ್ಲ.

ತಿಂಗಳಿಗೊಂದು ದಿನ ರಜೆ ಯಾಕೆಂದು ಕೇಳಿದಾಗ ಮುಚ್ಚುಮರೆಯಿಲ್ಲದೆ ಹೇಳಿದಳು. "ಎಚ್‌ಐವಿ ಅದರಿ ಸಾವ್ಕಾರ್ರ. ಹನ್ನೊಂದು ವರ್ಷ ಆತು. ಗುಳಿಗಿ ತರಾಕ ಹೋಗ್ತೇನ್ರಿ."

ದೊಡ್ಡ ಮನಸ್ಸಿನವನಂತೆ ತಲೆಯಾಡಿಸಿದೆ. ಮರುದಿನವೇ ಆಕೆಯ ಮೊರವನ್ನು ಒಳಗಿನ ಗೋದಾಮಿಗೆ ಹಾಕಿಸಿದೆ. ಹುಳ ಹಿಡಿದ ಚೀಲವನ್ನು ಬೇರೆ ಇಡುತ್ತೇವಲ್ಲ, ಹಾಗೆ. ಗೋದಾಮಿಗೆ ಕಿಟಕಿಯಿಲ್ಲ. ಒಳಗಿದ್ದವನು ಚೀಲ ಹೊಲಿಯುವ ಭೀಮಶಾ ಒಬ್ಬನೇ. ಮೂರು ವಾರದಿಂದ ಕೆಮ್ಮುತ್ತಿದ್ದ.

ಆಕೆ ಬಾಗಿಲಿಗೆ ಬಂದು ನಿಂತಳು. "ಸಾವ್ಕಾರ್ರ, ನನ್ನ ರೋಗ ಬಾಜು ಕುಂತ್ರ ಹತ್ತಂಗಿಲ್ರಿ. ಇವನ ಕೆಮ್ಮು ಟಿಬಿ ಇದ್ರ ಗಾಳ್ಯಾಗ ಬರ್ತದ, ನನಗ ಲಗೂ ಹತ್ತತದ. ಹೊರಗ ಕುಂದ್ರಸ್ರಿ."

"ಕೆಲಸ ಮಾಡ್ಬೇ, ಡಾಕ್ಟರಿಕಿ ಆಮ್ಯಾಲ ಮಾಡೀಯಂತ," ಎಂದೆ. ಅಂಗಳದ ಹೆಂಗಸರು ನಕ್ಕರು. ನನ್ನ ಮಾತಿಗೆ ನಾನೂ ನಕ್ಕೆ.

ಆಕೆ ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡು ಭೀಮಶಾನ ಬೆನ್ನು ಹತ್ತಿದಳು. "ಏ ಅಣ್ಣಾ, ನಿನ್ನ ಕೆಮ್ಮಿಗೆ ಇಲಿ ಸೈತ ಊರು ಬಿಟ್ಟಾವ. ನಡಿ ದವಾಖಾನಿಗೆ." ನಾಲ್ಕನೆಯ ದಿನ ಕೈಹಿಡಿದೇ ಕರೆದೊಯ್ದಳು. ಅವನ ಕಫದಲ್ಲಿ ಟಿಬಿ ಸಿಕ್ಕಿತು.

ಆಕೆಗೂ ಹತ್ತಿರಬಹುದೆಂದು ಎದೆಯ ಎಕ್ಸ್‌ರೇ ತೆಗೆದರು; ಅದು ಬರುವ ತನಕ ನನಗೆ ಊಟ ಸೇರಲಿಲ್ಲ. ಅದರಲ್ಲಿ ಏನೂ ಇರಲಿಲ್ಲ. ಆದರೂ ಟಿಬಿ ಬಾರದಂತೆ ತಡೆಯುವ ಗುಳಿಗೆಯನ್ನು ಆರು ತಿಂಗಳು ನುಂಗಬೇಕೆಂದರು ಡಾಕ್ಟರು. ಈಗ ಅದನ್ನೂ ತಪ್ಪದೆ ನುಂಗುತ್ತಿದ್ದಾಳೆ. ಬಚಾವಾದದ್ದು ಆಕೆಯ ಎಚ್ಚರದಿಂದ. ಬೇರೆಯವರನ್ನು ಕಾಯುತ್ತೇನೆಂದು ನಾನು ಮಾಡಿದ್ದಿಷ್ಟೇ: ಯಾರನ್ನು ಕಾಯಬೇಕಿತ್ತೋ ಅವಳನ್ನೇ ಕೆಮ್ಮಿನ ಎದುರು ಕೂರಿಸಿದ್ದು.

ಅಂಗಳಕ್ಕೆ ಬಾ ಎಂದಾಗ ಆಕೆಯ ಮುಖ ನೋಡಲಾಗಲಿಲ್ಲ. ಮೊರ ಹಿಡಿದು ಬಂದು ಕೂತಳು. ಇದನ್ನೆಲ್ಲ ಬರೆಯಲೇ ಎಂದು ಮೊನ್ನೆ ಕೇಳಿದೆ. "ಬರೀರಿ, ಹೆಸರ ಸೈತ ಹಾಕ್ರಿ. ಅಂಜಿಕಿ ನಿಮಗದ, ನನಗಿಲ್ಲ," ಎಂದಳು.

ಆಕೆಗೆ ನಾನು "ತಪ್ಪಾಯಿತು" ಎಂಬ ಮಾತಿನ ಬಾಕಿ ಕೊಡಬೇಕಿದೆ, ಅದೂ ಅಂದು ನಕ್ಕ ಹೆಂಗಸರ ಎದುರಿಗೆ. ಇನ್ನೂ ಕೊಟ್ಟಿಲ್ಲ.