‘ಪೂರಾ ಹೇಳ್ಲಾ?’ ಎನ್ನುವ ವಿಹಾರ ನೌಕೆಯ ಅಕ್ಕ

ಬೆಳಗಿನ ಐದೂವರೆ. ಜೆಟ್ಟಿಗೆ ಕಟ್ಟಿದ ಬಿಳಿ ವಿಹಾರ ನೌಕೆಯ ಡೀಸೆಲ್ ಟ್ಯಾಂಕಿಗೆ ಅಳತೆಕೋಲು ಇಳಿಬಿಟ್ಟು, ಮೇಲೆತ್ತಿ, ಬೆಳಕಿಗೆ ಹಿಡಿದು ನೋಡುತ್ತಾರೆ ಐವತ್ತೆರಡರ ಈ ಹೆಂಗಸು. ಅಂಕಿಯನ್ನು ಅಂಗೈಗೆ ಗೀಚಿಕೊಂಡು ಅಡುಗೆಮನೆಗೆ ಇಳಿಯುತ್ತಾರೆ. ತಲೆ ಬಗ್ಗಿಸಿಯೇ ನಿಲ್ಲಬೇಕಾದ ಆ ಗೂಡಿನಲ್ಲಿ ಹದಿನಾರು ವರ್ಷದಿಂದ ಪ್ರವಾಸಿಗರಿಗೆ ಅಡುಗೆ ಮಾಡುತ್ತಿದ್ದಾರೆ. ಜೆಟ್ಟಿಯವರ ಬಾಯಲ್ಲಿ ಅವರು ‘ಪೂರಾ ಅಕ್ಕ’. ಬಾಡಿಗೆ ಎಷ್ಟೆಂದು ಯಾರೇ ಕೇಳಲಿ, “ಪೂರಾ ಹೇಳ್ಲಾ, ಬೋರ್ಡಲ್ಲಿರೋಷ್ಟು ಹೇಳ್ಲಾ?” ಎನ್ನುವುದರಿಂದ ಅಂಟಿದ ಹೆಸರು.

ಬೋರ್ಡಿನಲ್ಲಿರುವುದು ದಿನಕ್ಕೆ ನಲವತ್ತು ಸಾವಿರ. ಅದು ಬರೀ ನೌಕೆಯ ಬಾಡಿಗೆ. “ಇಂಜಿನ್ ಗಂಟೆಗೆ ಹದಿನೆಂಟು ಲೀಟರ್ ಕುಡಿಯುತ್ತೆ. ಎ.ಸಿ. ಹಾಕಿದ್ರೆ ಜನರೇಟರ್ ಬೇರೆ. ಇನ್ನೊಂದು ಬಂದರಲ್ಲಿ ತಂಗಿದ್ರೆ ಅಲ್ಲಿನವರಿಗೂ ದುಡ್ಡು ಕಟ್ಟಬೇಕು. ಚಾಲಕರ ಕೂಲಿ, ನನ್ನ ಕೂಲಿ, ಊಟದ ಸಾಮಾನು. ಎಲ್ಲಾ ಸೇರಿ ಎಪ್ಪತ್ತು ಸಾವಿರದ ಹತ್ರ ಹೋಗುತ್ತೆ. ಮೇಲೆ ಠೇವಣಿ. ಏನೂ ಮುರೀದಿದ್ರೆ ಅದು ವಾಪಸ್,” ಎಂದು ಈರುಳ್ಳಿ ಹೆಚ್ಚುತ್ತಲೇ ಹೇಳುತ್ತಾರೆ.

ಮೂರು ವರ್ಷದ ಹಿಂದಿನವರೆಗೆ ಅವರೂ ತುಟಿ ಬಿಚ್ಚುತ್ತಿರಲಿಲ್ಲ. ಬಂದರಿನಲ್ಲಿ ಮೂಟೆ ಹೊರುತ್ತಿದ್ದ ಗಂಡ ಸೊಂಟ ಮುರಿದುಕೊಂಡು ಮನೆ ಹಿಡಿದಿದ್ದರು. ಒಲೆ ಉರಿಯುತ್ತಿದ್ದದ್ದು ಇವರ ದುಡಿಮೆಯಿಂದ. ಹೀಗಿರುವಾಗ ನಿವೃತ್ತ ನರ್ಸ್ ಒಬ್ಬರು ತಮ್ಮ ಮೂವರು ತಂಗಿಯರನ್ನು ವಿಹಾರಕ್ಕೆ ಕರೆತಂದರು. ಎರಡು ದಿನ ನಗುನಗುತ್ತಾ ಸುತ್ತಿ ಇಳಿಯುವಾಗ ನೌಕೆಯ ಮ್ಯಾನೇಜರ್ ಡೀಸೆಲ್, ಕೂಲಿ ಎಂದು ಇನ್ನೊಂದು ಬಿಲ್ ಚಾಚಿದ. ಕೈಯಲ್ಲಿದ್ದದ್ದು ಸಾಲದೆ ಆಕೆ ಬಳೆ ಬಿಚ್ಚಿ ಮೇಜಿನ ಮೇಲಿಟ್ಟರು.

“ನನ್ನ ಕಡೆ ತಿರುಗಿ, ‘ನಿಮಗೆ ಗೊತ್ತಿತ್ತಲ್ವಾ?’ ಅಂದ್ರು. ಗೊತ್ತಿತ್ತು.”

ಮರುವಾರದಿಂದ ನೌಕೆ ನೋಡಲು ಬಂದವರಿಗೆಲ್ಲ ಪೂರಾ ಖರ್ಚನ್ನು ಚೀಟಿಯಲ್ಲಿ ಬರೆದು ಕೊಡತೊಡಗಿದರು. ಮ್ಯಾನೇಜರ್ ಚೀಟಿ ಹರಿದ. ಇವರು ಮತ್ತೆ ಬರೆದರು. ಅಡುಗೆ ಬಿಡಿಸಿ ಡೆಕ್ ಉಜ್ಜಲು ಹಚ್ಚಿದ. ಇವರು ಉಜ್ಜುತ್ತಲೇ ಹೇಳಿದರು. ಕೊನೆಗೆ ಮಾಲೀಕರೇ ಕರೆಸಿ, “ನಿನ್ನಿಂದ ಗಿರಾಕಿಗಳು ಓಡಿಹೋಗ್ತಿದ್ದಾರೆ” ಎಂದು ಗದರಿದರು.

“ಓಡೋರು ದಡದಲ್ಲೇ ಓಡ್ಲಿ ಸಾರ್. ನೀರಿನ ಮಧ್ಯೆ ಎಲ್ಲಿಗೆ ಓಡ್ತಾರೆ?” ಎಂದವರೇ ಬಕೆಟ್ ಎತ್ತಿಕೊಂಡು ಹೊರಬಂದರು. ಕೆಲಸ ಹೋಯಿತು.

ಮನೆಯಲ್ಲಿ ಕೂರಲಿಲ್ಲ. ಹನ್ನೊಂದು ದಿನ ಜೆಟ್ಟಿಯ ಹೊರಗಿನ ಮೆಟ್ಟಿಲ ಮೇಲೆ ಕೂತು ಬಂದವರಿಗೆಲ್ಲ ಲೆಕ್ಕ ಒಪ್ಪಿಸಿದರು. ಹನ್ನೆರಡನೆಯ ದಿನ ನೌಕೆಯ ಚಾಲಕರು, “ಅಕ್ಕ ಬರದೆ ಹಗ್ಗ ಬಿಚ್ಚಲ್ಲ” ಎಂದು ಕೈಕಟ್ಟಿ ಕೂತುಬಿಟ್ಟರು. ಇಳಿಯುವ ಗಿರಾಕಿಗಳ ಬೈಗುಳ ತಿಂದು ತಿಂದು ಅವರಿಗೂ ಸಾಕಾಗಿತ್ತು. ಮಾಲೀಕರು ಮಣಿದರು. ಅಂದಿನಿಂದ ಪೂರಾ ಖರ್ಚಿನ ಚೀಟಿಗೆ ಗಿರಾಕಿ ಸಹಿ ಹಾಕದೆ ನೌಕೆ ಜೆಟ್ಟಿ ಬಿಡುವುದಿಲ್ಲ.

ಮ್ಯಾನೇಜರ್ ಇಂದಿಗೂ ಇವರನ್ನು ಮಾತಾಡಿಸುವುದಿಲ್ಲ. “ಒಳ್ಳೇದೇ ಆಯ್ತು, ಕೆಲಸ ಬೇಗ ಮುಗಿಯುತ್ತೆ,” ಎಂದು ನಗುತ್ತಾರೆ.

ಇನ್ನೇನು ಆಸೆ ಎಂದರೆ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಆಚೆ ದಡ ತೋರಿಸುತ್ತಾರೆ. “ಅಲ್ಲಿ ಇನ್ನೂ ನಾಲ್ಕು ನೌಕೆ ಇವೆ. ಅದರಲ್ಲಿ ಅಡುಗೆ ಮಾಡೋ ಹೆಣ್ಮಕ್ಕಳೂ ಬಾಯಿ ಬಿಡಬೇಕು. ಬಂದ್ರೆ ನಾನು ಹೇಳಿಕೊಡ್ತೀನಿ. ಕೂಡೋ ಲೆಕ್ಕ ಬಂದ್ರೆ ಸಾಕು.”