ನಮ್ಮವ್ವನ ಅಂಗೈ, ಇನ್ನೊಬ್ಬನ ಪ್ರಾಜೆಕ್ಟು

ಬಿ.ಎ.ಗೆ ನಾನು ವೃತ್ತಿಪರ ಬರವಣಿಗೆಯನ್ನು ಮುಖ್ಯ ವಿಷಯವಾಗಿ ತೆಗೆದುಕೊಂಡಾಗ ಆಳಂದದ ಕಾಕಾ ಬಿದ್ದು ಬಿದ್ದು ನಕ್ಕಿದ್ದರು. ಬರೆಯುವುದನ್ನು ಒಂದನೇ ಇಯತ್ತೆಯಲ್ಲೇ ಕಲಿತಿದ್ದೆಯಲ್ಲ, ಮತ್ತೆ ಮೂರು ವರ್ಷ ಯಾಕೆ ಎಂದಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಕಲಿಸಿದವರ ಮೇಲೆ.

ಕೊನೆಯ ವರ್ಷ ಯಾವುದಾದರೂ ಒಂದು ಕಸುಬನ್ನು ಕಣ್ಣಾರೆ ನೋಡಿ ಪ್ರಾಜೆಕ್ಟ್ ಬರೆಯಬೇಕು. ನಮ್ಮಲ್ಲಿ ಯಾರು ಬರೆಯುತ್ತಾರೆ? ಕಾಲೇಜಿನೆದುರಿನ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಹಳೆಯವರ ಪ್ರಾಜೆಕ್ಟುಗಳಿರುತ್ತವೆ. ಹೆಸರು ಬದಲಿಸಿ ಹೊಳೆಯುವ ರಟ್ಟು ಹಾಕಿಸಿದರೆ ಮುಗಿಯಿತು. ಸೊನ್ನದ ಬ್ಯಾರೇಜಿನತ್ತ ತಲೆ ಹಾಕದವರೂ ಅಲ್ಲಿನ ಮೀನುಗಾರರ ಮೇಲೆ ಐವತ್ತು ಪುಟ ಕೊಟ್ಟಿದ್ದರು.

ನಾನು ಹಟ ಹಿಡಿದು ಸ್ವಂತ ಬರೆದೆ. ಅವ್ವ ಅಫಜಲಪುರದ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ. ಒಂದು ತಿಂಗಳು ಅವಳ ಒಲೆಯ ಪಕ್ಕ ಕೂತು, ಹೊಗೆಗೆ ಕಣ್ಣು ಕೆಂಪಗೆ ಮಾಡಿಕೊಂಡು ಹನ್ನೆರಡು ಪುಟ ಬರೆದೆ. 'ನನಗೆ ಜ್ವರ ಬಂದರೆ ಅವ್ವ ಕೆನ್ನೆ ಹಚ್ಚಿ ನೋಡುತ್ತಾಳೆ. ಅವಳ ಅಂಗೈಗೆ ಬಿಸಿ ತಿಳಿಯುವುದಿಲ್ಲ' ಎಂಬ ಸಾಲಿಗೆ ಎರಡು ದಿನ ತಿಣುಕಿದ್ದೆ. ಅದೇ ಝೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡಿಸಿ ಕೊಟ್ಟೆ. ನಮಗೆ ಕಲಿಸುತ್ತಿದ್ದ ಸರ್ ನಾಲ್ಕು ಹಾಳೆ ತಿರುವಿ, ಇದು ಮನೆ ಸುದ್ದಿ, ಪ್ರಾಜೆಕ್ಟ್ ಅಲ್ಲ ಎಂದು ಪಾಸಿನಷ್ಟು ಅಂಕ ಬಿಸಾಕಿದರು. ನನ್ನ ಫಸ್ಟ್ ಕ್ಲಾಸ್ ಹೋಯಿತು. ಎಂ.ಎ. ಸೀಟೂ ಹೋಯಿತು.

ಮರುವರ್ಷ ಅಂಕಪಟ್ಟಿ ತರಲು ಹೋದಾಗ ಸರ್ ಖುಷಿಯಲ್ಲಿದ್ದರು. ಕೂರಿಸಿಕೊಂಡು, ಬಂಗಾರದ ಅಕ್ಷರದ ಒಂದು ಪುಸ್ತಕ ಮುಂದಿಟ್ಟರು.

"ನೋಡವ್ವಾ, ಪ್ರಾಜೆಕ್ಟ್ ಅಂದ್ರ ಹಿಂಗಿರಬೇಕು. ಓದಿ ನನ್ನ ಕಣ್ಣಾಗ ನೀರು ಬಂತು."

ಬರೆದವನು ಜೇವರ್ಗಿಯ ಹುಡುಗನಂತೆ, ತರಗತಿಗೇ ಹೆಚ್ಚು ಅಂಕವಂತೆ. ತೆರೆದರೆ ಮೂರನೇ ಪುಟದಲ್ಲಿ ನಮ್ಮವ್ವನ ಅಂಗೈ. ಒಂದಕ್ಷರ ಆಚೀಚೆ ಇಲ್ಲ. ಆ ಹುಡುಗನ ತಾಯಿ ಶಾಲೆಯ ಹೆಡ್ ಮೇಡಂ; ಅದು ಕಾಲೇಜಿಗೆಲ್ಲ ಗೊತ್ತು. ಪುಟವನ್ನು ಸರ್ ಕಡೆ ತಿರುಗಿಸಿದೆ.

"ಇದು ನಮ್ಮವ್ವನ ಕೈ ಅದರಿ ಸರ. ಹೋದ ವರ್ಷ ಮನಿ ಸುದ್ದಿ ಅಂದವರು ನೀವೇ."

ನಾಚಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. ದನಿ ತಗ್ಗಿಸಿದರು.

"ಹೊರಗ ಯಾರಿಗೂ ಹೇಳಿಲ್ಲ ಹೌದಲ್ಲವ್ವಾ?"

ಆ ಕ್ಷಣದವರೆಗೆ ಹೇಳಿರಲಿಲ್ಲ. ಆ ಪುಸ್ತಕವನ್ನು ಎತ್ತಿಕೊಂಡು ಹೊರಗೆ ಬಂದು, ವರಾಂಡದಲ್ಲಿ ನಿಂತಿದ್ದ ಹುಡುಗಿಯರಿಗೆ ಮೂರನೇ ಪುಟ ಗಟ್ಟಿಯಾಗಿ ಓದಿದೆ.